ಚೆಕ್ ಉಳಿಯುತ್ತದೆ, ಅದರ ಚಿತ್ರ ಹೋಗುತ್ತದೆ: ಬರೆಯುವವರಿಗೂ ಹಾಕುವವರಿಗೂ ಒಂದು ಮಾರ್ಗದರ್ಶಿ

ಹಾವೇರಿಯ ಬ್ಯಾಂಕಿಗೆ ಹೋಗಿ ನೀವು ಬೆಂಗಳೂರಿನ ಬೇರೊಂದು ಬ್ಯಾಂಕಿನ ಚೆಕ್ ಹಾಕಿದಿರಿ ಅಂದುಕೊಳ್ಳಿ. ಆ ಕಾಗದ ಬೆಂಗಳೂರಿಗೆ ಹೋಗುತ್ತದೆ ಎಂದು ಈಗಲೂ ಬಹಳ ಜನ ತಿಳಿದುಕೊಂಡಿದ್ದಾರೆ. ಹೋಗುವುದಿಲ್ಲ. ಹಾವೇರಿಯ ಶಾಖೆಯಲ್ಲೋ, ಅದೇ ಬ್ಯಾಂಕಿನ ಸ್ಕ್ಯಾನಿಂಗ್ ಕೇಂದ್ರದಲ್ಲೋ ಅದು ನಿಂತುಬಿಡುತ್ತದೆ. ಮುಂದೆ ಹೋಗುವುದು ಅದರ ಚಿತ್ರ ಮತ್ತು ಒಂದಿಷ್ಟು ಅಂಕಿಗಳು. ಹಣ ಕೊಡಬೇಕಾದ ಬ್ಯಾಂಕು ಆ ಚಿತ್ರ ನೋಡಿಯೇ ಹೂಂ ಅಥವಾ ಉಹೂಂ ಅನ್ನುತ್ತದೆ.

ಈ ವ್ಯವಸ್ಥೆಯ ಹೆಸರು ಚೆಕ್ ಟ್ರಂಕೇಶನ್ ಸಿಸ್ಟಮ್. ಬ್ಯಾಂಕಿನವರು ಸಿಟಿಎಸ್ ಎನ್ನುತ್ತಾರೆ. ಇದನ್ನು ತಿಳಿದುಕೊಂಡು ನಮಗೇನಾಗಬೇಕು ಅಂತ ಕೇಳಬಹುದು. ಆಗಬೇಕಾದ್ದು ಇದೆ. ಚೆಕ್ ಹೇಗೆ ಬರೆಯಬೇಕು, ಖಾತೆಯಲ್ಲಿ ಹಣ ಯಾವಾಗ ಇರಬೇಕು, ಮೋಸವಾದರೆ ಯಾರನ್ನು ಕೇಳಬೇಕು, ಈ ಮೂರೂ ‘ಕಾಗದ ಯಾರ ಕೈಯಲ್ಲಿದೆ, ಚಿತ್ರ ಯಾರ ಕಣ್ಣ ಮುಂದಿದೆ’ ಅನ್ನುವುದರ ಮೇಲೆ ನಿಂತಿವೆ.

ಮೊದಲು ಕಾನೂನು, ಎರಡೇ ಮಾತಿನಲ್ಲಿ

ನಮ್ಮ ಚೆಕ್ ಕಾನೂನು 1881ರದ್ದು. ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್ ಎಂದು ಹೆಸರು. ಆ ಕಾಲದಲ್ಲಿ ಚೆಕ್ ಅಂದರೆ ಕಾಗದ, ಕಾಗದ ಅಂದರೆ ಚೆಕ್. ಅದನ್ನು ಹಣ ಕೊಡುವ ಬ್ಯಾಂಕಿನ ಮುಂದೆ ಹಿಡಿಯಲೇಬೇಕಿತ್ತು. 2002ರಲ್ಲಿ ಸಂಸತ್ತು ಇದಕ್ಕೆ ತಿದ್ದುಪಡಿ ತಂದಿತು. 2003ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು. ಆಗಿನಿಂದ 6ನೇ ಸೆಕ್ಷನ್ ಪ್ರಕಾರ, ಕ್ಲಿಯರಿಂಗ್ (ಬ್ಯಾಂಕುಗಳು ತಮ್ಮತಮ್ಮಲ್ಲಿ ಚೆಕ್ ಕಳಿಸಿ ಲೆಕ್ಕ ತೀರಿಸಿಕೊಳ್ಳುವುದು) ನಡುವೆ ಕಾಗದವನ್ನು ತಡೆದು ಕಳಿಸಿದ ಎಲೆಕ್ಟ್ರಾನಿಕ್ ಚಿತ್ರವೂ ಚೆಕ್ಕೇ.

ಆ ಸೆಕ್ಷನ್‌ನಲ್ಲಿ ಒಂದು ಮಾತನ್ನು ಜನ ಗಮನಿಸುವುದಿಲ್ಲ. ಕಾಗದವನ್ನು ತಡೆದು ಚಿತ್ರ ಕಳಿಸುವ ಅಧಿಕಾರ ಇರುವುದು ಬ್ಯಾಂಕಿಗೆ ಅಥವಾ ಬ್ಯಾಂಕುಗಳ ನಡುವೆ ಚೆಕ್ ದಾಟಿಸುವ ಕ್ಲಿಯರಿಂಗ್ ಹೌಸಿಗೆ ಮಾತ್ರ. ನಿಮಗಲ್ಲ, ನನಗಲ್ಲ. ಹಾಗಾಗಿ ಬಾಡಿಗೆದಾರ ವಾಟ್ಸಾಪಿನಲ್ಲಿ ಕಳಿಸಿದ ಚೆಕ್ಕಿನ ಫೋಟೊ ಕಾನೂನಿನ ಕಣ್ಣಲ್ಲಿ ಚೆಕ್ ಅಲ್ಲ. ‘ಚೆಕ್ ಬರೆದಾಗಿದೆ ನೋಡಿ’ ಅಂತ ಫೋಟೊ ತೋರಿಸಿ ಸಾಮಾನು ಒಯ್ಯಲು ಬಂದವರಿಗೆ ಅಂಗಡಿಯವರು ಇದನ್ನು ನೆನಪಿಸಿದರೆ ತಪ್ಪೇನಿಲ್ಲ.

ಕಾನೂನು ಬಂದ ಮೇಲೂ ವ್ಯವಸ್ಥೆ ನಿಧಾನಕ್ಕೇ ಬಂತು. ದೆಹಲಿ ಸುತ್ತಮುತ್ತ 2008ರ ಫೆಬ್ರವರಿಯಲ್ಲಿ ಶುರುವಾಯಿತು. ಚೆನ್ನೈಗೆ 2011ರ ಸೆಪ್ಟೆಂಬರ್‌ನಲ್ಲಿ, ಮುಂಬೈಗೆ 2013ರ ಏಪ್ರಿಲ್‌ನಲ್ಲಿ ಬಂತು. ಈ ಮೂರು ಕೇಂದ್ರಗಳೂ ಸುತ್ತಲಿನ ರಾಜ್ಯಗಳ ಚೆಕ್‌ಗಳನ್ನು ನೋಡಿಕೊಳ್ಳುವ ಒಂದೊಂದು ‘ಗ್ರಿಡ್’ ಆದವು, ಕರ್ನಾಟಕ ಸೇರಿದ್ದು ಚೆನ್ನೈ ಗ್ರಿಡ್ಡಿಗೆ. ಸಣ್ಣ ಊರಿನ ಶಾಖೆಗಳನ್ನೂ ಸೇರಿಸಿ ಎಲ್ಲ ಶಾಖೆಗಳೂ 2021ರ ಸೆಪ್ಟೆಂಬರ್ 30ರೊಳಗೆ ಇದಕ್ಕೆ ಬರಬೇಕು ಎಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿತು. ಈಗ ಮೂರೂ ಗ್ರಿಡ್ ಸೇರಿ ದೇಶಕ್ಕೆಲ್ಲ ಒಂದೇ. ನಡೆಸುವುದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯೇ.

ಹೆಜ್ಜೆ 1: ಕೈಯಲ್ಲಿರುವ ಹಾಳೆ ಸರಿಯಾದದ್ದೇ ನೋಡಿ

ಮನೆಯ ಕಪಾಟಿನಲ್ಲಿ ಹಳೆಯ ಚೆಕ್‌ಬುಕ್ ಇದ್ದರೆ ಒಮ್ಮೆ ತೆಗೆದು ನೋಡಿ. ಎಡಗಡೆ, ಹಾಳೆ ಹರಿಯುವ ಅಂಚಿನ ಹತ್ತಿರ, ಮುದ್ರಿಸಿದವರ ಹೆಸರಿನ ಜೊತೆ ‘ಸಿಟಿಎಸ್-2010’ ಎಂದು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಇರಬೇಕು. ಹಾಳೆಯನ್ನು ಬೆಳಕಿಗೆ ಹಿಡಿದರೆ ‘ಸಿಟಿಎಸ್-ಇಂಡಿಯಾ’ ಎಂಬ ವಾಟರ್‌ಮಾರ್ಕ್ ಕಾಣಬೇಕು. ಮೊತ್ತ ಬರೆಯುವ ಚೌಕದ ಮುಂದೆ ರೂಪಾಯಿ ಚಿಹ್ನೆ ಇರಬೇಕು. ಇವು ಇಲ್ಲದಿದ್ದರೆ ಅದು ಹಳೇ ಮಾದರಿಯ ಚೆಕ್. ಅಂಥವಕ್ಕೆಂದು ಬೇರೆಯಾಗಿ ನಡೆಸುತ್ತಿದ್ದ ಕ್ಲಿಯರಿಂಗ್ 2018ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ಯಾರಾದರೂ ಅಂಥ ಚೆಕ್ ಕೊಟ್ಟರೆ ಅಲ್ಲೇ ವಾಪಸ್ ಕೊಟ್ಟು ಹೊಸದು ಕೇಳುವುದೇ ಲೇಸು.

ಮಾಮೂಲಿ ಕಣ್ಣಿಗೆ ಕಾಣದ ಗುರುತುಗಳೂ ಇವೆ. ಬ್ಯಾಂಕಿನ ಲಾಂಛನ ಅಲ್ಟ್ರಾವಯಲೆಟ್ ದೀಪದ ಕೆಳಗಷ್ಟೇ ಹೊಳೆಯುತ್ತದೆ. ಜೆರಾಕ್ಸ್ ಮಾಡಿದರೆ ಇದು ನಕಲು ಎಂದು ಸಾರುವ ಅಕ್ಷರ ಎದ್ದು ಬರುವಂಥ ವಿನ್ಯಾಸವೂ ಹಾಳೆಯಲ್ಲಿದೆ. ಈ ಗುರುತುಗಳನ್ನು ಪರೀಕ್ಷಿಸಬೇಕಾದ್ದು ಯಾರು ಅನ್ನುವುದಕ್ಕೆ ಮುಂದೆ ಬರುತ್ತೇನೆ, ಅಲ್ಲೊಂದು ಸ್ವಾರಸ್ಯ ಇದೆ.

ಹಾಳೆಯ ಕೆಳಗೆ ಖಾಲಿ ಬಿಟ್ಟ ಬಿಳಿ ಪಟ್ಟಿಯಲ್ಲಿ ಒಂಥರಾ ಸೊಟ್ಟ ಅಂಕಿಗಳಿವೆಯಲ್ಲ, ಅದೇ ಎಂಐಸಿಆರ್ ಸಾಲು. ಕಾಂತೀಯ ಮಸಿಯಲ್ಲಿ ಮುದ್ರಿಸಿದ್ದು. ಮೊದಲು ಆರು ಅಂಕಿಯ ಚೆಕ್ ನಂಬರ್. ನಂತರ ಒಂಬತ್ತು ಅಂಕಿ: ಊರಿಗೆ ಮೂರು, ಬ್ಯಾಂಕಿಗೆ ಮೂರು, ಶಾಖೆಗೆ ಮೂರು. ಬೆಂಗಳೂರಿನದಾದರೆ 560ರಿಂದ ಶುರು, ಪಿನ್‌ಕೋಡ್ ಇದ್ದಂತೆಯೇ. ಯಂತ್ರ ಓದುವುದು ಈ ಸಾಲನ್ನು. ಆ ಪಟ್ಟಿಯ ಮೇಲೆ ಬರೆಯಬೇಡಿ, ಸೀಲು ಹಾಕಬೇಡಿ, ಸ್ಟೇಪಲ್ ಪಿನ್ ಚುಚ್ಚಬೇಡಿ, ಮಡಚಬೇಡಿ.

ಹೆಜ್ಜೆ 2: ಸ್ಕ್ಯಾನರಿಗಾಗಿ ಬರೆಯಿರಿ

ಒಂದು ಚೆಕ್ಕಿಗೆ ಮೂರು ಚಿತ್ರ ತೆಗೆಯುತ್ತಾರೆ. ಮುಂಭಾಗದ್ದು ಎರಡು: ಒಂದು ಬೂದು ಛಾಯೆಯದು, ಇನ್ನೊಂದು ಬರೀ ಕಪ್ಪು-ಬಿಳುಪು. ಹಿಂಭಾಗದ್ದು ಒಂದು, ಅದೂ ಕಪ್ಪು-ಬಿಳುಪು. ಬೂದು ಛಾಯೆಯ ಚಿತ್ರ 100 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ಉಳಿದವು 200 ಡಿಪಿಐ. ನಿಮ್ಮ ಫೋನಿನ ಕ್ಯಾಮೆರಾಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಬಣ್ಣವಂತೂ ಇಲ್ಲವೇ ಇಲ್ಲ. ಲಕ್ಷಾಂತರ ಚೆಕ್ ದಿನವೂ ಓಡಾಡಬೇಕಾದಾಗ ಫೈಲು ಸಣ್ಣದಿರಬೇಕು, ಅದಕ್ಕೆ ಹೀಗೆ.

ಇಷ್ಟು ತಿಳಿದರೆ ಬರೆಯುವ ನಿಯಮಗಳು ತಾವಾಗೇ ಅರ್ಥವಾಗುತ್ತವೆ. ತಿಳಿ ಬಣ್ಣದ ಜೆಲ್ ಪೆನ್ನಿನ ಬರಹ ಕಪ್ಪು-ಬಿಳುಪಿನಲ್ಲಿ ಮಾಯವಾಗಿಬಿಡಬಹುದು. ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಚೆಕ್ಕಿನ ಮಡಿಕೆ ಗೆರೆ ಕಪ್ಪಗೆ ಮೂಡಿ ಮೊತ್ತದ ಮೇಲೆ ಗೀಟು ಎಳೆದ ಹಾಗೆ ಕಾಣಬಹುದು. ಕಂಪನಿಯ ರಬ್ಬರ್ ಸೀಲನ್ನು ಸಹಿಯ ಮೇಲೇ ಒತ್ತಿದರೆ ಸಹಿಯೂ ಕಾಣದು, ಸೀಲೂ ಕಾಣದು. ತಾರೀಖು, ಹೆಸರು, ಮೊತ್ತ, ಸಹಿ, ಈ ನಾಲ್ಕರ ಮೇಲೆ ಏನೂ ಬೀಳದಂತೆ ನೋಡಿಕೊಳ್ಳಿ. ಸಹಿಯನ್ನು ಹಾಳೆಯಲ್ಲಿ ತೋರಿಸಿದ ಜಾಗದಲ್ಲಿ, ಗೆರೆಯ ಮೇಲೆ ಮಾಡಿ. ಕೆಳಗಿನ ಬಿಳಿ ಪಟ್ಟಿಗೆ ಸಹಿಯ ಬಾಲ ಇಳಿಯುವ ಅಭ್ಯಾಸ ಇದ್ದರೆ ಸ್ವಲ್ಪ ತಡೆಯಿರಿ.

ಪೆನ್ನಿನ ವಿಚಾರದಲ್ಲಿ ಒಂದು ಪುಕಾರು ಆಗಾಗ ವಾಟ್ಸಾಪಿನಲ್ಲಿ ಸುತ್ತುತ್ತದೆ, ಕಪ್ಪು ಮಸಿಯಲ್ಲಿ ಚೆಕ್ ಬರೆಯುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ ಅಂತ. ಸುಳ್ಳು. ಇಂಥದೇ ಬಣ್ಣ ಎಂದು ರಿಸರ್ವ್ ಬ್ಯಾಂಕ್ ಹೇಳಿಲ್ಲ. ಚಿತ್ರದಲ್ಲಿ ಚೆನ್ನಾಗಿ ಮೂಡುವ, ಅಳಿಸಲಾಗದ ಮಸಿ ಇರಲಿ ಎಂದಷ್ಟೇ ಸಲಹೆ. ಕಪ್ಪೋ ಕಡುನೀಲಿಯೋ, ಬಾಲ್‌ಪೆನ್ ಸಾಕು.

ಚಿತ್ತು-ಕಾಟು ಮಾತ್ರ ನಡೆಯುವುದೇ ಇಲ್ಲ. ಮೊದಲಾದರೆ ತಪ್ಪು ಬರೆದು, ಹೊಡೆದು, ಪಕ್ಕದಲ್ಲಿ ಪೂರ್ತಿ ಸಹಿ ಮಾಡಿದರೆ ಆಗುತ್ತಿತ್ತು. ಸಿಟಿಎಸ್‌ನಲ್ಲಿ ಹೆಸರು ಅಥವಾ ಮೊತ್ತವನ್ನು ತಿದ್ದಿದರೆ, ನೀವೇ ಸಹಿ ಮಾಡಿ ದೃಢೀಕರಿಸಿದ್ದರೂ, ಚೆಕ್ ವಾಪಸ್ ಬರುತ್ತದೆ. ಕಾರಣ ಸರಳ. ತಿದ್ದಿದ್ದು ಖಾತೆದಾರನೋ ಕಳ್ಳನೋ ಎಂದು ಬೂದು ಚಿತ್ರ ನೋಡಿ ಹೇಳುವುದು ಕಷ್ಟ. ಅವಧಿ ಮುಗಿದ ಚೆಕ್ಕಿಗೆ ಮತ್ತೆ ಜೀವ ಕೊಡಲು ತಾರೀಖು ಬದಲಿಸುವುದಕ್ಕೆ ಮಾತ್ರ ವಿನಾಯಿತಿ ಇದೆ. ನನ್ನನ್ನು ಕೇಳಿದರೆ ಅದನ್ನೂ ಮಾಡಬೇಡಿ. ಒಂದು ಹಾಳೆ ಹೋದರೆ ಹೋಗಲಿ, ಹೊಸದು ಬರೆಯಿರಿ. ಕೆಟ್ಟ ಹಾಳೆಯ ಎಂಐಸಿಆರ್ ಪಟ್ಟಿ ಮತ್ತು ಸಹಿ ಎರಡನ್ನೂ ಹರಿದು ಹಾಕಿ.

ಕನ್ನಡದಲ್ಲಿ ಬರೆಯಬಹುದಾ? ಬರೆಯಬಹುದು. ಚೆಕ್ ಹಾಳೆ ಹಿಂದಿ-ಇಂಗ್ಲಿಷಿನಲ್ಲಿ ಮುದ್ರಣವಾದರೂ, ಗ್ರಾಹಕರು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ತುಂಬಬಹುದು ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಶಕ ಸಂವತ್ಸರದ ತಾರೀಖು ಹಾಕಿದ ಚೆಕ್ಕನ್ನೂ ಬ್ಯಾಂಕು ಒಪ್ಪಬೇಕು ಎಂಬ ಸೂಚನೆಯೂ ಇದೆ. ಹಾಗೆ ಬರೆಯುವವರನ್ನು ನಾನಂತೂ ಕಂಡಿಲ್ಲ. ಕನ್ನಡದ ಚೆಕ್ ಬಗ್ಗೆ ಒಂದು ಮಾತು ಮಾತ್ರ ಗಮನದಲ್ಲಿರಲಿ: ಆ ಚಿತ್ರವನ್ನು ಪರದೆಯ ಮೇಲೆ ನೋಡಿ ಪಾಸ್ ಮಾಡುವವರು ಈಗ ನಿಮ್ಮ ಊರಿನ ಶಾಖೆಯಲ್ಲೇ ಇರಬೇಕೆಂದಿಲ್ಲ, ಬೇರೆ ರಾಜ್ಯದ ಕೇಂದ್ರದಲ್ಲಿ ಕೂತಿರಬಹುದು. ಹಕ್ಕು ನಿಮ್ಮದು, ಬರೆಯಿರಿ. ಅಕ್ಷರ ದುಂಡಗೆ, ಬಿಡಿಬಿಡಿಯಾಗಿರಲಿ. ಅಂಕಿಯಲ್ಲಿ ಬರೆದದ್ದಕ್ಕೂ ಅಕ್ಷರದಲ್ಲಿ ಬರೆದದ್ದಕ್ಕೂ ತಾಳೆಯಾಗಲಿ.

ಎಡಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆಯುವುದನ್ನು ಮರೆಯಬೇಡಿ. ಹೆಸರಿನ ಮುಂದೆ, ಮೊತ್ತದ ಮುಂದೆ ಉಳಿದ ಜಾಗಕ್ಕೆ ಗೆರೆ ಎಳೆಯಿರಿ.

ಹೆಜ್ಜೆ 3: ಮೊತ್ತ ದೊಡ್ಡದಾದರೆ ಬ್ಯಾಂಕಿಗೆ ಮೊದಲೇ ಹೇಳಿ

ಹಣ ಕೊಡುವ ಬ್ಯಾಂಕಿಗೆ ಕಾಗದ ಮುಟ್ಟಿ ನೋಡುವ ಅವಕಾಶ ಇಲ್ಲ. ಈ ಕೊರತೆ ತುಂಬಲು 2021ರ ಜನವರಿ 1ರಿಂದ ಪಾಸಿಟಿವ್ ಪೇ ಎಂಬ ವ್ಯವಸ್ಥೆ ಬಂತು. ಚೆಕ್ ಬರೆದವರು ಅದರ ನಂಬರ್, ತಾರೀಖು, ಯಾರ ಹೆಸರಿಗೆ, ಎಷ್ಟು ಮೊತ್ತ ಅನ್ನುವುದನ್ನು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸಿಡುತ್ತಾರೆ. ಮೊಬೈಲ್ ಆ್ಯಪ್, ನೆಟ್ ಬ್ಯಾಂಕಿಂಗ್, ಎಟಿಎಂ, ಎಸ್ಎಂಎಸ್, ಶಾಖೆ, ಬ್ಯಾಂಕು ಯಾವುದಕ್ಕೆ ಅವಕಾಶ ಕೊಟ್ಟಿದೆಯೋ ಅದರಲ್ಲಿ. ಚೆಕ್ ಕ್ಲಿಯರಿಂಗಿಗೆ ಬಂದಾಗ ಎರಡನ್ನೂ ತಾಳೆ ನೋಡುತ್ತಾರೆ. ಹೊಂದದಿದ್ದರೆ ಎರಡೂ ಬ್ಯಾಂಕಿಗೆ ಎಚ್ಚರಿಕೆ ಹೋಗುತ್ತದೆ.

50,000 ರೂಪಾಯಿ ಮತ್ತು ಮೇಲಿನ ಚೆಕ್‌ಗಳಿಗೆ ಈ ಸೌಲಭ್ಯ ಇರಲೇಬೇಕು, ಬಳಸುವುದು ಬಿಡುವುದು ಖಾತೆದಾರರ ಇಷ್ಟ. 5 ಲಕ್ಷ ಮತ್ತು ಮೇಲಿನದಕ್ಕೆ ಬ್ಯಾಂಕು ಇದನ್ನು ಕಡ್ಡಾಯ ಮಾಡಬಹುದು. ಎಷ್ಟೋ ಬ್ಯಾಂಕುಗಳು ಮಾಡಿವೆ. ಸೈಟು ರಿಜಿಸ್ಟ್ರೇಶನ್ನಿಗೆ, ಮದುವೆ ಛತ್ರಕ್ಕೆ, ಕಾಲೇಜು ಫೀಸಿಗೆ ದೊಡ್ಡ ಚೆಕ್ ಕೊಡುವವರು ಇದನ್ನು ಮರೆತರೆ ಖಾತೆಯಲ್ಲಿ ಹಣವಿದ್ದೂ ಚೆಕ್ ವಾಪಸ್ ಬರಬಹುದು.

ಐಚ್ಛಿಕ ಇದ್ದಾಗಲೂ ಬಳಸಿ ಅನ್ನುತ್ತೇನೆ. ಸಿಟಿಎಸ್‌ನಲ್ಲಿ ವಿವಾದ ಬಗೆಹರಿಸುವ ವ್ಯವಸ್ಥೆಯೊಂದಿದೆ. ಪಾಸಿಟಿವ್ ಪೇ ನಿಯಮ ಪಾಲಿಸಿದ ಚೆಕ್‌ಗಳನ್ನಷ್ಟೇ ಅದು ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಎರಡು ನಿಮಿಷದ ಕೆಲಸ. ಆದರೆ ವಿವರ ತುಂಬುವಾಗ ಚೆಕ್ಕಿನಲ್ಲಿ ಬರೆದ ಹೆಸರನ್ನೇ ತುಂಬಿ. ಚೆಕ್ಕಿನಲ್ಲಿ ಪೂರ್ತಿ ಹೆಸರು, ಆ್ಯಪಿನಲ್ಲಿ ಬರೀ ಇನಿಷಿಯಲ್ ಹಾಕಿದರೆ ನೀವೇ ನಿಮ್ಮ ಚೆಕ್ಕಿನ ಮೇಲೆ ಅನುಮಾನ ಹುಟ್ಟಿಸಿದಂತೆ.

ಹೆಜ್ಜೆ 4: ಹಾಕುವಾಗ ಸಾಕ್ಷಿ ಇಟ್ಟುಕೊಳ್ಳಿ

ಈಗ ಚೆಕ್ ಪಡೆದವರ ಕಡೆ ಬರೋಣ. ಹಾಕುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಡಿ. ಅದು ಚೆಕ್ ಅಲ್ಲ ನಿಜ, ಆದರೆ ಕಾಗದ ಕಳೆದುಹೋದರೆ ನಂಬರ್, ತಾರೀಖು ಹೇಳುವುದಕ್ಕಾದರೂ ಬೇಕಾಗುತ್ತದೆ. ಚೆಕ್ಕಿನ ತಾರೀಖಿನಿಂದ ಮೂರು ತಿಂಗಳೊಳಗೆ ಹಾಕಬೇಕು. 2012ರ ಏಪ್ರಿಲ್‌ಗೆ ಮೊದಲು ಆರು ತಿಂಗಳಿತ್ತು. ಹಳಬರು ಈಗಲೂ ಆರು ತಿಂಗಳು ಎಂದೇ ಹೇಳುತ್ತಾರೆ, ನಂಬಬೇಡಿ.

ಡ್ರಾಪ್ ಬಾಕ್ಸಿಗೆ ಹಾಕಿಬಿಡಿ ಅಂತ ಕೌಂಟರಿನಲ್ಲಿ ಹೇಳಿ ಕಳಿಸುವುದು ಮಾಮೂಲಿ. ಸಣ್ಣ ಮೊತ್ತವಾದರೆ ಹಾಕಿ, ಪರವಾಗಿಲ್ಲ. ಆದರೆ ಕೌಂಟರಿನಲ್ಲಿ ಚೆಕ್ ಕೊಟ್ಟು ಚಲನ್ನಿನ ಮೇಲೆ ಸೀಲು ಹಾಕಿಸಿಕೊಳ್ಳುವುದು ನಿಮ್ಮ ಹಕ್ಕು. ಕೇಳಿದವರಿಗೆ ಯಾವ ಶಾಖೆಯೂ ರಶೀದಿ ನಿರಾಕರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. ಡ್ರಾಪ್ ಬಾಕ್ಸಿನ ಮೇಲೆ ಈ ವಿಷಯ ಬರೆದಿರಬೇಕು. ಬಾಕ್ಸ್ ಹತ್ತಿರ ನಿಂತು ಒಮ್ಮೆ ಓದಿ, ಸಾಮಾನ್ಯವಾಗಿ ಬರೆದಿರುತ್ತದೆ. ಗಲಾಟೆ ಮಾಡದೆ ಅದನ್ನೇ ತೋರಿಸಿದರೆ ಸಾಕು.

ಸಮಯದ ಕಡೆಯೂ ಗಮನವಿರಲಿ. ಪ್ರತಿ ಶಾಖೆಗೂ ಚೆಕ್ ತೆಗೆದುಕೊಳ್ಳುವ ಕೊನೇ ಗಳಿಗೆ ಅಂತ ಒಂದಿರುತ್ತದೆ. ಅದು ಮೀರಿದರೆ ನಿಮ್ಮದು ಮರುದಿನದ ಲೆಕ್ಕಕ್ಕೆ. ಎರಡನೇ ಮತ್ತು ನಾಲ್ಕನೇ ಶನಿವಾರದ ಹಿಂದಿನ ಸಂಜೆ ಹಾಕಿದರೆ ಸೋಮವಾರದವರೆಗೆ ಕಾಯಬೇಕಾದೀತು.

ಇಬ್ಬರದೂ ಒಂದೇ ಬ್ಯಾಂಕಾದರೆ ಈ ಕ್ಲಿಯರಿಂಗ್ ಏನೂ ಬೇಕಿಲ್ಲ, ಒಳಗೊಳಗೇ ವರ್ಗಾವಣೆ ಆಗುತ್ತದೆ.

ಹೆಜ್ಜೆ 5: ಒಳಗೆ ಏನು ನಡೆಯುತ್ತದೆ, ಯಾರ ಮೇಲೆ ಯಾವ ಹೊಣೆ

ನಿಮ್ಮ ಬ್ಯಾಂಕಿನ ಸ್ಕ್ಯಾನರ್ ಚೆಕ್ಕನ್ನು ಎಳೆದುಕೊಂಡು ಎಂಐಸಿಆರ್ ಸಾಲು ಓದುತ್ತದೆ, ಮೂರು ಚಿತ್ರ ತೆಗೆಯುತ್ತದೆ. ಸಾಲು ಸರಿಯಾಗಿ ಓದದಿದ್ದರೆ ಒಬ್ಬರು ಪರದೆಯ ಮೇಲೆ ನೋಡಿ ಅಂಕಿ ಸರಿಪಡಿಸುತ್ತಾರೆ. ಮೊತ್ತ ಟೈಪ್ ಮಾಡುತ್ತಾರೆ. ಚಿತ್ರ ಮಸುಕಾಗಿದೆಯೇ, ಮೂಲೆ ಮಡಚಿದೆಯೇ ಎಂದು ಸಾಫ್ಟ್‌ವೇರ್ ಪರೀಕ್ಷಿಸುತ್ತದೆ. ನಂತರ ಬ್ಯಾಂಕು ಚಿತ್ರಕ್ಕೂ ಮಾಹಿತಿಗೂ ಡಿಜಿಟಲ್ ಸಹಿ ಹಾಕಿ ಕ್ಲಿಯರಿಂಗ್ ಹೌಸಿಗೆ ಕಳಿಸುತ್ತದೆ. ದಾರಿಯಲ್ಲಿ ಒಂದಕ್ಷರ ಬದಲಾದರೂ ಆ ಸಹಿ ಹೊಂದುವುದಿಲ್ಲ. ಕ್ಲಿಯರಿಂಗ್ ಹೌಸ್ ಅದನ್ನು ಕೊಡುವ ಬ್ಯಾಂಕಿಗೆ ದಾಟಿಸುತ್ತದೆ. ಅಲ್ಲಿ ಸಹಿ, ತಾರೀಖು, ಮೊತ್ತ, ಬಾಕಿ ಹಣ, ‘ಪೇಮೆಂಟ್ ನಿಲ್ಲಿಸಿ’ ಎಂಬ ಸೂಚನೆ ಇದೆಯೇ, ಪಾಸಿಟಿವ್ ಪೇ ಹೊಂದುತ್ತದೆಯೇ, ಇಷ್ಟು ನೋಡಿ ಉತ್ತರ ಕೊಡುತ್ತಾರೆ.

ಸ್ವಾರಸ್ಯ ಇಲ್ಲಿದೆ. ಹಳೇ ಪದ್ಧತಿಯಲ್ಲಿ ಕೊಡುವ ಬ್ಯಾಂಕಿನವರು ಕಾಗದವನ್ನು ಬೆಳಕಿಗೆ ಹಿಡಿದು, ದೀಪದ ಕೆಳಗಿಟ್ಟು ನೋಡಬಹುದಿತ್ತು. ಈಗ ಅವರ ಮುಂದೆ ಇರುವುದು ಬೂದು ಚಿತ್ರ. ವಾಟರ್‌ಮಾರ್ಕ್ ಅದರಲ್ಲಿ ಬರುವುದಿಲ್ಲ, ಯುವಿ ಲಾಂಛನವೂ ಬರುವುದಿಲ್ಲ. ಅಕ್ಷರ ರಾಸಾಯನಿಕದಿಂದ ಅಳಿಸಿ ಬೇರೆ ಬರೆದಿದ್ದರೆ ಕಾಗದದ ಮೇಲೆ ಕಲೆ ಕಾಣಬಹುದು, ಚಿತ್ರದಲ್ಲಿ ಕಾಣುವುದು ಕಷ್ಟ. ಹಾಗಾಗಿ ಕಾನೂನು ಹೊಣೆಯನ್ನು ಕಾಗದ ಯಾರ ಕೈಯಲ್ಲಿದೆಯೋ ಅವರ ಮೇಲೆ ಹೊರಿಸಿದೆ. 131ನೇ ಸೆಕ್ಷನ್‌ಗೆ ಸೇರಿಸಿದ ವಿವರಣೆಯ ಪ್ರಕಾರ, ಚಿತ್ರದ ಮೇಲೆ ಹಣ ಪಡೆಯುವ ಬ್ಯಾಂಕು, ಅಂದರೆ ಚೆಕ್ ಹಾಕಿಸಿಕೊಂಡ ಬ್ಯಾಂಕು, ಚೆಕ್ ಮೇಲ್ನೋಟಕ್ಕೆ ಅಸಲಿಯೇ, ಮೋಸ, ಫೋರ್ಜರಿ, ತಿದ್ದುಪಡಿ ಕಣ್ಣಿಗೆ ಕಾಣುವಂತಿದೆಯೇ ಎಂದು ಸಾಮಾನ್ಯ ಎಚ್ಚರದಿಂದ ಪರೀಕ್ಷಿಸಲೇಬೇಕು. 89ನೇ ಸೆಕ್ಷನ್ ಇನ್ನೊಂದು ಹೊಣೆ ಹಾಕುತ್ತದೆ: ಕಾಗದಕ್ಕೂ ಚಿತ್ರಕ್ಕೂ ವ್ಯತ್ಯಾಸ ಇರದಂತೆ ನೋಡಿಕೊಳ್ಳುವುದು ಬ್ಯಾಂಕು ಮತ್ತು ಕ್ಲಿಯರಿಂಗ್ ಹೌಸಿನ ಕೆಲಸ.

ಕೊಡುವ ಬ್ಯಾಂಕಿಗೆ ಅನುಮಾನ ಬಂದರೆ? 64ನೇ ಸೆಕ್ಷನ್ ಅದಕ್ಕೆ ದಾರಿ ಬಿಟ್ಟಿದೆ. ಹೆಚ್ಚಿನ ಮಾಹಿತಿ ಕೇಳಬಹುದು. ಮೋಸದ ಶಂಕೆ ಇದ್ದರೆ ‘ಮೂಲ ಕಾಗದವನ್ನೇ ಕಳಿಸಿ’ ಎನ್ನಬಹುದು.

ನಿಮ್ಮ ಚೆಕ್ಕನ್ನು ಯಾರೋ ಕದ್ದು, ತಿದ್ದಿ, ಹಣ ಎಳೆದುಕೊಂಡರು ಎನ್ನಿ. ಜನ ತಮ್ಮ ಬ್ಯಾಂಕಿನ ಮ್ಯಾನೇಜರ್ ಜೊತೆ ಜಗಳಕ್ಕಿಳಿಯುತ್ತಾರೆ. ದೂರನ್ನು ಅಲ್ಲಿಯೇ ಕೊಡಬೇಕು, ಸರಿ. ಆದರೆ ಬರೆದು ಕೊಡುವಾಗ ‘ಚೆಕ್ ಸ್ವೀಕರಿಸಿದ ಬ್ಯಾಂಕು ಮೂಲ ಕಾಗದವನ್ನು 131ನೇ ಸೆಕ್ಷನ್ ಪ್ರಕಾರ ಪರೀಕ್ಷಿಸಿತ್ತೇ, ಮೂಲ ಕಾಗದವನ್ನು ತರಿಸಿ ತೋರಿಸಿ’ ಎಂಬ ಒಂದು ಸಾಲು ಸೇರಿಸಿ. ಆ ಕಾಗದ ಎಲ್ಲೂ ಹೋಗಿರುವುದಿಲ್ಲ. ಸ್ವೀಕರಿಸಿದ ಬ್ಯಾಂಕು ಅದನ್ನು ಹತ್ತು ವರ್ಷ ಕಾಪಾಡಬೇಕು.

ಹೆಜ್ಜೆ 6: ಹಣ ಯಾವಾಗ ಬರುತ್ತದೆ

ಮೊದಲು ಕ್ಲಿಯರಿಂಗ್ ಕಂತುಕಂತಾಗಿ ನಡೆಯುತ್ತಿತ್ತು. ಇವತ್ತು ಹಾಕಿದ ಚೆಕ್ಕಿಗೆ ಹಣ ಸಾಮಾನ್ಯವಾಗಿ ಮರುದಿನ, ಕೆಲವೊಮ್ಮೆ ಅದರ ಮರುದಿನ. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಇದನ್ನು ಬದಲಿಸಿತು. ಈಗ ಬ್ಯಾಂಕು ಚೆಕ್ ಬಂದ ಹಾಗೆ ಸ್ಕ್ಯಾನ್ ಮಾಡಿ ಕಳಿಸುತ್ತಲೇ ಇರಬೇಕು. ಕೊಡುವ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಪ್ರತಿ ಚೆಕ್ಕಿಗೂ ಉತ್ತರ ಹೇಳಬೇಕು. ಹೇಳದೇ ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ. ಸೆಟಲ್‌ಮೆಂಟ್, ಅಂದರೆ ಬ್ಯಾಂಕುಗಳ ನಡುವೆ ಹಣದ ಲೆಕ್ಕ ತೀರುವುದು, ಆದ ಮೇಲೆ ನಿಮ್ಮ ಬ್ಯಾಂಕು ಒಂದು ಗಂಟೆಯೊಳಗೆ ಖಾತೆಗೆ ಹಾಕಬೇಕು. ಕೊಡುವ ಬ್ಯಾಂಕು ಮೂರೇ ಗಂಟೆಯಲ್ಲಿ ಉತ್ತರಿಸಬೇಕು ಎಂಬ ಎರಡನೇ ಹಂತ 2026ರ ಜನವರಿ 3ಕ್ಕೆ ಬರಬೇಕಿತ್ತು. ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಮುಂದೂಡಿತು.

ಪಡೆಯುವವರಿಗೆ ಇದು ಖುಷಿ. ಬರೆಯುವವರಿಗೆ ಎಚ್ಚರಿಕೆ. ‘ಇವತ್ತು ಚೆಕ್ ಕೊಟ್ಟಿರೋಣ, ನಾಡಿದ್ದು ಸಂಬಳ ಬರುತ್ತೆ, ಅಷ್ಟೊತ್ತಿಗೆ ಚೆಕ್ ಬರಲ್ಲ’ ಎಂಬ ಲೆಕ್ಕಾಚಾರ ಇನ್ನು ನಡೆಯದು. ಬೆಳಿಗ್ಗೆ ಕೊಟ್ಟ ಚೆಕ್ ಮಧ್ಯಾಹ್ನವೇ ನಿಮ್ಮ ಖಾತೆಯ ಬಾಗಿಲು ತಟ್ಟಬಹುದು. ಸಹಿ ಮಾಡುವ ಹೊತ್ತಿಗೇ ಹಣ ಇರಬೇಕು. ಚೆಕ್ ಕಳೆದುಹೋದರೆ ‘ನಾಳೆ ಹೇಳಿದರಾಯ್ತು’ ಅನ್ನಬೇಡಿ. ಆ ಗಳಿಗೆಯಲ್ಲೇ ಆ್ಯಪ್ ತೆರೆದು ಪೇಮೆಂಟ್ ನಿಲ್ಲಿಸಿ.

ಹೆಜ್ಜೆ 7: ವಾಪಸ್ ಬಂದರೆ ಮೆಮೊ ಓದಿ

ಚೆಕ್ ಬೌನ್ಸ್ ಆಯ್ತು ಅಂದಕೂಡಲೇ ವಕೀಲರ ಮನೆಗೆ ಓಡುವ ಮೊದಲು ರಿಟರ್ನ್ ಮೆಮೊ, ಅಂದರೆ ವಾಪಸಾದ ಕಾರಣ ಬರೆದ ಬ್ಯಾಂಕಿನ ಚೀಟಿ, ನೋಡಿ. ಕಾರಣ ಎರಡು ಬಗೆ.

ಒಂದು, ತಾಂತ್ರಿಕ. ಚಿತ್ರ ಸ್ಪಷ್ಟವಿಲ್ಲ, ಬ್ಯಾಂಕಿನ ಸೀಲು ಬಿಟ್ಟುಹೋಗಿದೆ, ಇಂಥವು. ಗ್ರಾಹಕರ ತಪ್ಪಿಲ್ಲದೆ ವಾಪಸ್ ಬಂದ ಚೆಕ್ಕಿಗೆ ಬ್ಯಾಂಕು ಶುಲ್ಕ ಹಾಕುವಂತಿಲ್ಲ. ಅದನ್ನು ಮುಂದಿನ ಕ್ಲಿಯರಿಂಗಿಗೆ, ರಜೆ ಬಿಟ್ಟು 24 ಗಂಟೆಯೊಳಗೆ, ತಾನೇ ಮತ್ತೆ ಕಳಿಸಿ ನಿಮಗೆ ಎಸ್ಎಂಎಸ್ ಅಥವಾ ಮೇಲ್ ಮಾಡಬೇಕು. ಪಾಸ್‌ಬುಕ್ಕಿನಲ್ಲಿ ಶುಲ್ಕ ಕತ್ತರಿಸಿದ್ದು ಕಂಡರೆ ಮೆಮೊ ತೋರಿಸಿ ವಾಪಸ್ ಕೇಳಿ. ಸುಮ್ನೆ ಬಿಡಬೇಡಿ.

ಇನ್ನೊಂದು, ಹಣ ಸಾಲದ್ದು. ಇದು 138ನೇ ಸೆಕ್ಷನ್ನಿನ ವಿಷಯ. ಸಾಲ ಅಥವಾ ಕೊಡಬೇಕಾದ ಬಾಕಿಗಾಗಿ ಕೊಟ್ಟ ಚೆಕ್ ಆಗಿರಬೇಕು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಇಲ್ಲಿ ದಿನಗಳ ಲೆಕ್ಕ ತಪ್ಪಿದರೆ ಕೇಸೇ ಬೀಳಬಹುದು:

- ವಾಪಸ್ ಬಂದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಹಣ ಕೇಳಿ ಲಿಖಿತ ನೋಟಿಸ್ ಕೊಡಬೇಕು.
- ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಸಮಯ.
- ಆಗಲೂ ಕೊಡದಿದ್ದರೆ, ಆ 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು.

ಹಿಂದೆ ಕೇಸು ಯಾವ ಊರಲ್ಲಿ ಹಾಕಬೇಕು ಎಂಬುದೇ ದೊಡ್ಡ ತಕರಾರು. 2015ರ ತಿದ್ದುಪಡಿಯ ನಂತರ, ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟು. ಹಾವೇರಿಯವರು ಬೆಂಗಳೂರಿಗೆ ಅಲೆಯಬೇಕಿಲ್ಲ.

ಪಾಸಾಗದ ಚೆಕ್ಕಿನ ಕಾಗದ ಮೆಮೊ ಜೊತೆ ನಿಮ್ಮ ಕೈಗೇ ಬರಬೇಕು. ಬರೀ ಎಸ್ಎಂಎಸ್ ಬಂದರೆ ಶಾಖೆಗೆ ಹೋಗಿ ಎರಡನ್ನೂ ಕೇಳಿ ಪಡೆಯಿರಿ. ಕೋರ್ಟಿನಲ್ಲಿ ಮೂಲ ಚೆಕ್ ಬೇಕು. ಅದಕ್ಕೆ ತೂತು ಹಾಕಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ.

ಅಮೆರಿಕದಲ್ಲಿರುವವರಿಗೆ

ಅಲ್ಲಿನ ಪದ್ಧತಿ ಬೇರೆ, ಇಲ್ಲಿನ ನಿಯಮ ಅಲ್ಲಿಗೆ ಹೊಂದದು. ಅಲ್ಲಿ ಚೆಕ್‌ಗಳು ವಿಮಾನದಲ್ಲಿ ಊರೂರು ಸುತ್ತುತ್ತಿದ್ದವು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ನಿಂತು ಚೆಕ್‌ಗಳು ರಾಶಿ ಬಿದ್ದವು. ‘ಚೆಕ್ 21’ ಕಾನೂನಿಗೆ 2003ರ ಅಕ್ಟೋಬರ್ 28ರಂದು ಸಹಿ ಬಿತ್ತು, ಸರಿಯಾಗಿ ಒಂದು ವರ್ಷದ ನಂತರ ಜಾರಿಯಾಯಿತು. ನಮ್ಮಲ್ಲಿ ಚಿತ್ರವೇ ಚೆಕ್. ಅಲ್ಲಿ ಚಿತ್ರದಿಂದ ಮುದ್ರಿಸಿದ ‘ಬದಲಿ ಚೆಕ್’ಗೆ ಮೂಲದ ಮಾನ್ಯತೆ ಕೊಟ್ಟರು. ಅಂಥ ಬದಲಿ ಚೆಕ್ ನಿಮಗೆ ಕೊಟ್ಟು ಖಾತೆಯಿಂದ ತಪ್ಪಾಗಿ ಹಣ ಕಳೆದಿದ್ದರೆ 40 ದಿನದೊಳಗೆ ಬ್ಯಾಂಕಿಗೆ ಹೇಳಿ. ಹತ್ತು ಕೆಲಸದ ದಿನದಲ್ಲಿ ತನಿಖೆ ಮುಗಿಯದಿದ್ದರೆ ಬ್ಯಾಂಕು 2,500 ಡಾಲರ್‌ವರೆಗೆ ತಾತ್ಕಾಲಿಕವಾಗಿ ಮರಳಿ ಹಾಕಬೇಕು. ಅಲ್ಲಿ ಫೋನಿನಿಂದಲೇ ಚೆಕ್ ಫೋಟೊ ತೆಗೆದು ಹಾಕುವುದು ಮಾಮೂಲಿ. ಹಾಕಿದ ಮೇಲೆ ಅದೇ ಕಾಗದವನ್ನು ಮರೆತು ಇನ್ನೊಮ್ಮೆ ಹಾಕಬೇಡಿ. ಊರಿಗೆ ಬಂದಾಗ ಇಲ್ಲಿನ ಚೆಕ್ಕನ್ನೂ ಹಾಗೇ ಫೋನಿನಲ್ಲಿ ಹಾಕಲು ಹುಡುಕಬೇಡಿ.

ಹೆಜ್ಜೆ 8: ವರ್ಷಗಳ ನಂತರ ಸಾಕ್ಷಿ ಬೇಕಾದರೆ

ಪಾಸಾದ ಚೆಕ್ ಈಗ ಬರೆದವರ ಬ್ಯಾಂಕಿಗೆ ಬರುವುದಿಲ್ಲ. ಹಾಗಾದರೆ ‘ನಾನು ಕೊಟ್ಟೆ’ ಎಂದು ತೋರಿಸುವುದು ಹೇಗೆ? ನಿಮ್ಮ ಬ್ಯಾಂಕಿಗೆ ಅರ್ಜಿ ಬರೆದು ಪಾಸಾದ ಚೆಕ್ಕಿನ ಚಿತ್ರದ ಪ್ರಿಂಟ್ ಕೇಳಿ. ಪ್ರಿಂಟಿನ ಕೆಳಗೆ ಬ್ಯಾಂಕಿನ ದೃಢೀಕರಣ ಇರಲೇಬೇಕು ಎಂದು ಅರ್ಜಿಯಲ್ಲೇ ಬರೆಯಿರಿ. 81ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟ ಬ್ಯಾಂಕು ಚಿತ್ರದ ಪ್ರಿಂಟಿನ ಬುಡದಲ್ಲಿ ಬರೆದುಕೊಟ್ಟ ಸರ್ಟಿಫಿಕೇಟ್ ಪಾವತಿಯಾದದ್ದಕ್ಕೆ ಮೇಲ್ನೋಟದ ಪುರಾವೆ. ದೃಢೀಕರಣ ಇಲ್ಲದ ಬರೀ ಪ್ರಿಂಟಿಗೆ ಆ ಬಲ ಇಲ್ಲ. ಅರ್ಜಿಯಲ್ಲಿ ಚೆಕ್ ನಂಬರ್, ತಾರೀಖು, ಮೊತ್ತ, ಪಾಸಾದ ದಿನ ಬರೆದರೆ ಹುಡುಕುವವರಿಗೆ ಸಲೀಸು.

ಚಿತ್ರಗಳನ್ನೂ ಬ್ಯಾಂಕುಗಳು ಹತ್ತು ವರ್ಷ ಇಟ್ಟಿರಬೇಕು. ‘ಹಳೇದು ಸಿಗಲ್ಲ ಸಾರ್’ ಎಂದರೆ ಅದನ್ನೇ ಬರವಣಿಗೆಯಲ್ಲಿ ಕೊಡಿ ಎನ್ನಿ. ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಹೇಗೆ ಕೊಡಬೇಕೆಂದು 14448ಕ್ಕೆ ಕರೆ ಮಾಡಿದರೆ ಹೇಳುತ್ತಾರೆ. ದೂರಿನ ಜೊತೆ ಚಲನ್ನಿನ ಸೀಲಿರುವ ಭಾಗ, ಮೆಮೊ, ಬ್ಯಾಂಕಿಗೆ ಕೊಟ್ಟ ಅರ್ಜಿಯ ಸ್ವೀಕೃತಿ, ಈ ಮೂರನ್ನು ಲಗತ್ತಿಸಿ.